ನಾಲ್ಕು ಸಲ ಗೆದ್ದವರನ್ನು ‘ದೀರ್ಘಕಾಲದ ಶಾಸಕರು’ ಅನ್ನಬಹುದಾ? (ಹಡಗಲಿಯ ಎಂ.ಪಿ. ಪ್ರಕಾಶ್ ಬಗ್ಗೆ)

ಬಳ್ಳಾರಿ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಎಂ.ಎ. ಇತಿಹಾಸ ಓದುತ್ತಿದ್ದೇನೆ. ಮುಂದಿನ ತಿಂಗಳು ಒಂದು ಸೆಮಿನಾರ್ ಇದೆ. ನಮ್ಮ ಭಾಗದ ಒಬ್ಬ ಹಳೆಯ ಶಾಸಕರನ್ನು ಆರಿಸಿಕೊಂಡು ಅವರ ರಾಜಕೀಯ ಬದುಕಿನ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು. ನಮ್ಮಪ್ಪನ ಊರು ಹೂವಿನಹಡಗಲಿ ಕಡೆ. ಎಂ.ಪಿ. ಪ್ರಕಾಶ್ ಅವರ ಹೆಸರು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿದ್ದೇನೆ. ಹಾಗಾಗಿ ಅವರ ಹೆಸರನ್ನೇ ಕೊಟ್ಟೆ.

ಕೊಟ್ಟ ಮೇಲೆ ಶುರುವಾಯಿತು ಫಜೀತಿ. ನನ್ನ ಪಕ್ಕ ಕೂರುವವಳು ಮಲ್ಲಿಕಾರ್ಜುನ ಖರ್ಗೆ ಅವರನ್ನು ತೆಗೆದುಕೊಂಡಿದ್ದಾಳೆ. ಅವರು ವಿಧಾನಸಭೆಗೆ ಸತತ 9 ಸಲ ಗೆದ್ದವರು. ನನ್ನವರು ನಾಲ್ಕು ಸಲ: 1983, 1985, 1994, 2004. ಕ್ಲಾಸಿನಲ್ಲಿ ಒಬ್ಬ, ‘ನಾಲ್ಕು ಸಲ ಗೆದ್ದವರು ಯಾವ ಜಿಲ್ಲೆಯಲ್ಲಿ ಬೇಕಾದರೂ ಸಿಗ್ತಾರೆ, ಇವರದ್ದೇನು ವಿಶೇಷ?’ ಅಂದ. ಬಾಯಿಗೆ ಉತ್ತರ ಬರಲಿಲ್ಲ.

ಇಲ್ಲಿವರೆಗೆ ಬರೆದುಕೊಂಡಿದ್ದು ಇಷ್ಟು. ಹುಟ್ಟಿದ್ದು 1940ರ ಜುಲೈ 11, ನಾರಾಯಣದೇವರಕೆರೆಯಲ್ಲಿ. ವಕೀಲರು. ರಾಮಕೃಷ್ಣ ಹೆಗಡೆ ಕಾಲದಲ್ಲಿ ಮಂತ್ರಿ. ಜೆ.ಎಚ್. ಪಟೇಲರ ಕಾಲದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. 2005ರ ಆಗಸ್ಟಿನಿಂದ 2006ರ ಜನವರಿವರೆಗೆ ಧರ್ಮಸಿಂಗ್ ಸರ್ಕಾರದಲ್ಲಿ ಉಪಮುಖ್ಯಮಂತ್ರಿ. ಆಮೇಲೆ ಕುಮಾರಸ್ವಾಮಿ ಸಂಪುಟದಲ್ಲಿ ಗೃಹ ಮಂತ್ರಿ. 2008ರಲ್ಲಿ ಸೋಲು. 2011ರ ಫೆಬ್ರವರಿ 9ರಂದು ತೀರಿಕೊಂಡರು.

ಗಡಿಯಾರ ಇಟ್ಟುಕೊಂಡು ಓದಿ ನೋಡಿದೆ, ಒಂದೂವರೆ ನಿಮಿಷ. ಉಳಿದಿದ್ದಕ್ಕೆ ಏನು ಮಾಡಲಿ? ಹೆಸರು ಬದಲಾಯಿಸಲಾ? ಅವರ ಕಾಲ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ರಾಯಚೂರು ಬಿಸಿಲು:

ಬದಲಾಯಿಸೋಕೆ ಟೈಮ್ ಇದ್ದರೆ ಬದಲಾಯಿಸಿ. ಇದು ನನ್ನ ಪ್ರಾಮಾಣಿಕ ಸಲಹೆ.

ಶಾಸಕರ ಬದುಕು ಅಂದರೆ ಜಗಳ ಇರಬೇಕು ರೀ. ನಮ್ಮ ಸಿಂಧನೂರು ನೋಡಿ. 2013ರಲ್ಲಿ ಹಂಪನಗೌಡ ಬಾದರ್ಲಿ, 2018ರಲ್ಲಿ ವೆಂಕಟರಾವ್ ನಾಡಗೌಡ, 2023ರಲ್ಲಿ ಮತ್ತೆ ಬಾದರ್ಲಿ. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆ. ಮಿರ್ಚಿ ಮಂಡಕ್ಕಿ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ನಿಮಗೆ ಇಬ್ಬರ ಪೂರ್ತಿ ಇತಿಹಾಸ ಸಿಗುತ್ತದೆ, ಅದೂ ಪುಕ್ಕಟೆ.

ಪ್ರಕಾಶ್ ಅವರು ಸಜ್ಜನರು, ಸಾಹಿತ್ಯ ನಾಟಕ ಅಂತ ಇದ್ದವರು, ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಹೊಗಳಿಕೆಯ ಭಾಷಣ ಮಾಡಬೇಡಿ. ಸಮಾಜವಾದ ಅಂತ ಬಂದವರು 2006ರಲ್ಲಿ ಬಿಜೆಪಿ ಜೊತೆಗಿನ ಸರ್ಕಾರದಲ್ಲಿ ಗೃಹ ಮಂತ್ರಿಯಾದರು. 2007ರ ಕೊನೆಯಲ್ಲಿ ಆ ದೋಸ್ತಿ ಮುರಿದಾಗ ಕಾಂಗ್ರೆಸ್ ಜೊತೆ ಹೋಗೋಣ ಅನ್ನುವ ಗುಂಪಿನ ಮುಂದೆ ಅವರ ಹೆಸರೇ ಓಡಾಡಿತು. ಅದರ ಬಿಸಿ ತಾಗಿದ್ದೇ ತಡ, ದೇವೇಗೌಡರು ಮತ್ತೆ ಬಿಜೆಪಿಗೆ ಬೆಂಬಲ ಅಂದರು. ಯಡಿಯೂರಪ್ಪ ನವೆಂಬರ್ 12ಕ್ಕೆ ಮುಖ್ಯಮಂತ್ರಿ, 19ಕ್ಕೆ ರಾಜೀನಾಮೆ. ಇದನ್ನು ಬಿಟ್ಟು ಬರೀ ಹಂಪಿ ಉತ್ಸವ ಶುರುಮಾಡಿಸಿದರು ಅಂತ ಹೇಳಿದರೆ ನಿಮ್ಮ ಕ್ಲಾಸಿನ ಹುಡುಗ ಮತ್ತೆ ಕೈ ಎತ್ತುತ್ತಾನೆ.

ಕೌಲ್‌ಬಜಾರ್ ಮೇಷ್ಟ್ರು:

ಅಮ್ಮಾ, ಸೆಮಿನಾರ್ ಹೇಗೆ ಮಾಡಬೇಕು ಅಂತ ಹೇಳುವಷ್ಟು ಓದಿದವನಲ್ಲ ನಾನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಈಗ ರಿಟೈರ್ ಆಗಿ ಕೌಲ್ ಬಜಾರಿನಲ್ಲಿ ಇದ್ದೇನೆ. ಆದರೆ ಈ ಪ್ರಶ್ನೆ ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ಯಾಕಂದರೆ ಪ್ರಕಾಶ್ ಅವರ ಚುನಾವಣೆಗಳನ್ನು ನಾನು ಮೇಜಿನ ಆ ಕಡೆಯಿಂದ ನೋಡಿದ್ದೇನೆ. ನನ್ನ ಶಾಲೆ ಹಗರಿಬೊಮ್ಮನಹಳ್ಳಿ ಕಡೆ. ಎಲೆಕ್ಷನ್ ಡ್ಯೂಟಿ ಬಿದ್ದಾಗಲೆಲ್ಲ ಆರ್ಡರಿನಲ್ಲಿ ಇರುತ್ತಿದ್ದದ್ದು ಹಡಗಲಿ ಕ್ಷೇತ್ರ. 1999ರಲ್ಲಿ ಮಾತ್ರ ಕಾಮಾಲೆಯಾಗಿ ಮಲಗಿದ್ದೆ. ಆ ವರ್ಷದ ಮಾತು ನನ್ನ ಹತ್ತಿರ ಇಲ್ಲ.

ಅವರನ್ನು ಹತ್ತಿರದಿಂದ ಮಾತಾಡಿಸಿದವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಡೆ ಪ್ರಕಾಶ್ ಹೆಸರು ತೆಗೆದರೆ ಸಾಕು, ‘ನನ್ನ ಹೆಗಲ ಮೇಲೆ ಕೈ ಹಾಕಿ ಹೀಗಂದರು’ ಅನ್ನುವವರು ಹತ್ತು ಜನ ಬರುತ್ತಾರೆ. ನಾನು ಆ ಹತ್ತರಲ್ಲಿ ಇಲ್ಲ.

1983ರ ಜನವರಿ. ನೌಕರಿ ಸೇರಿ ಒಂದು ವರ್ಷ ಆಗಿತ್ತು. ಬೆರಳಿಗೆ ಶಾಯಿ ಹಚ್ಚುವ ಕೆಲಸ ಕೊಟ್ಟರು. ಲಾರಿಯಲ್ಲಿ ಕಬ್ಬಿಣದ ಪೆಟ್ಟಿಗೆ, ಅರಗು, ಮೇಣದ ಬತ್ತಿ, ದಬ್ಬಣ, ಟ್ವೈನ್ ದಾರ ಎಲ್ಲ ಹೇರಿಕೊಂಡು ಹೋದೆವು. ರಾತ್ರಿ ಶಾಲೆಯ ಪಡಸಾಲೆಯಲ್ಲಿ ಮಲಗಿದರೆ ಚಳಿಗೆ ನಿದ್ದೆಯಿಲ್ಲ. ಸುತ್ತ ಎರೆಹೊಲ, ಎದೆಯೆತ್ತರ ಬಿಳಿಜೋಳ. ಆಗ ಮುದ್ರೆ ಒತ್ತುವ ಚೀಟಿ. ಜನಕ್ಕೆ ಹೇಳಿ ಹೇಳಿ ಗಂಟಲು ಒಣಗುತ್ತಿತ್ತು: ಮೊದಲು ಉದ್ದಕ್ಕೆ ಮಡಿಚಿ, ಆಮೇಲೆ ಅಡ್ಡಕ್ಕೆ. ಹಾಗೆ ಮಡಿಚಿದರೆ ಹಸಿ ಶಾಯಿ ಬೇರೆಯವರ ಗುರುತಿನ ಮೇಲೆ ಅಂಟುವುದಿಲ್ಲ. ಯಾರು ಕೇಳುತ್ತಾರೆ? ವೀಳ್ಯದೆಲೆ ಮಡಿಚಿದ ಹಾಗೆ ಮಡಿಚಿ ಹಾಕುತ್ತಿದ್ದರು.

ಆ ಸಲ ಜನತಾ ಪಕ್ಷದ ಗುರುತು ಚಕ್ರದೊಳಗೆ ನೇಗಿಲು ಹೊತ್ತ ರೈತ. ರಾಜ್ಯದಲ್ಲಿ ಜನತಾಗೆ 95 ಸೀಟು ಬಂತು. ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸಲ್ಲದ ಸರ್ಕಾರ. ಹಡಗಲಿಯಿಂದ ಹೊಸ ವಕೀಲರೊಬ್ಬರು ಗೆದ್ದರು ಅಂತ ಸ್ಟಾಫ್ ರೂಮಿನಲ್ಲಿ ಮಾತು. ಎರಡೇ ವರ್ಷಕ್ಕೆ ಮತ್ತೆ ಚುನಾವಣೆ. 1985ರಲ್ಲಿ ಜನತಾಗೆ 139. ಪ್ರಕಾಶ್ ಮತ್ತೆ ಗೆದ್ದರು. ಇಲ್ಲಿಗೆ ಎರಡು ಗೆಲುವು. ಯಾರು ಬೇಕಾದರೂ ಹೇಳುವ ಕಥೆ ಇದು. ಇದರಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡ.

ನೀನು ನಿಲ್ಲಬೇಕಾದದ್ದು 1989ರಲ್ಲಿ. ನಿನ್ನ ಪಟ್ಟಿಯಲ್ಲಿ ಆ ವರ್ಷವೇ ಇಲ್ಲ, ಗಮನಿಸಿದೆಯಾ? ಗೆದ್ದ ವರ್ಷಗಳನ್ನು ಮಾತ್ರ ಬರೆದುಕೊಂಡಿದ್ದೀಯ.

ಆ ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ ಬಂದವು. ಲೋಕಸಭೆಗೆ ಬಿಳಿ ಚೀಟಿ, ವಿಧಾನಸಭೆಗೆ ಗುಲಾಬಿ. ನನಗೆ ಎಣಿಕೆಗೆ ಹಾಕಿದ್ದರು. ರಾತ್ರಿ ಎಷ್ಟೋ ಹೊತ್ತಿನಲ್ಲಿ ನನ್ನ ಮೇಜಿಗೆ ಒಂದು ಗುಲಾಬಿ ಚೀಟಿ ಬಂತು. ಒಂದು ಗುರುತಿನ ಮೇಲೆ ಮುದ್ರೆ ಗಟ್ಟಿಯಾಗಿ ಬಿದ್ದಿದೆ. ಇನ್ನೊಂದರ ಮೇಲೆ ಮಸುಕಾಗಿ ಅದೇ ಮುದ್ರೆ. ಎರಡೂ ಕಡೆಯ ಏಜೆಂಟರು ಎದ್ದು ನಿಂತರು. ಒಬ್ಬ ‘ನಮ್ಮದು’ ಅಂದ, ಇನ್ನೊಬ್ಬ ‘ಕುಲಗೆಟ್ಟ ವೋಟು, ಬಿಸಾಕಿ’ ಅಂದ. ಮೇಲಿನ ಅಧಿಕಾರಿ ಬಂದರು. ಚೀಟಿಯನ್ನು ಬಲ್ಬಿಗೆ ಹಿಡಿದು ನೋಡಿದರು. ಆ ಮುದ್ರೆಯಲ್ಲಿ ಬಾಣದ ತುದಿಗಳು ಒಂದೇ ದಿಕ್ಕಿಗೆ ತಿರುಗಿರುತ್ತವೆ, ಗಿರಗಟ್ಟೆಯ ಹಾಗೆ. ಕೈಯಿಂದ ಒತ್ತಿದ್ದು ಒಂದು ಕಡೆ ತಿರುಗಿದ್ದರೆ, ಮಡಿಕೆಯಲ್ಲಿ ಅಂಟಿದ್ದು ಉಲ್ಟಾ ತಿರುಗಿರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಮುದ್ರೆಯನ್ನು ಹಾಗೆ ಮಾಡಿರುವುದೇ ಇದಕ್ಕೆ. ಅಧಿಕಾರಿ ಬೆರಳಿಟ್ಟು ತೋರಿಸಿ, ಗಟ್ಟಿ ಮುದ್ರೆ ಯಾರದೋ ಅವರ ಕಟ್ಟಿಗೆ ಹಾಕಿದರು. ಗಣಿತದ ಮೇಷ್ಟ್ರಾದ ನನಗೆ ಆ ಸಮ್ಮಿತಿ ಅಂದು ಬಹಳ ಖುಷಿ ಕೊಟ್ಟಿತು. ಮರುವಾರ ಎಂಟನೇ ಕ್ಲಾಸಿಗೆ ಅದನ್ನೇ ಪಾಠ ಮಾಡಿದೆ.

ಚೀಟಿ ಒಂದೊಂದಕ್ಕೆ ಅಷ್ಟು ಗುದ್ದಾಡಿದರೂ ಬೆಳಗಾಗುವಷ್ಟರಲ್ಲಿ ಗಾಳಿ ಯಾವ ಕಡೆ ಅಂತ ಗೊತ್ತಾಗಿತ್ತು. ಕಾಂಗ್ರೆಸ್ಸಿಗೆ ರಾಜ್ಯದಲ್ಲಿ 178 ಸೀಟು. ಹಡಗಲಿಯೂ ಹೋಯಿತು. ಮಂತ್ರಿಯಾಗಿದ್ದವರು ಐದು ವರ್ಷ ಮಾಜಿ. 1994ರಲ್ಲಿ ಚಕ್ರದ ಗುರುತಿಗೆ ನಿಂತು ವಾಪಸ್ ಬಂದರು. ಹೀಗೆ ಬಿದ್ದು ಎದ್ದು ಬಂದವರನ್ನು ನೀನು ಗೆದ್ದ ಸಲದಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. 1983ರಲ್ಲಿ ಒಳಗೆ ಹೋದವರು 2008ರಲ್ಲಿ ಹೊರಗೆ ಬಂದರು. 25 ವರ್ಷ. ಅದರಲ್ಲಿ ಒಳಗಿದ್ದದ್ದೆಷ್ಟು, ಹೊರಗಿದ್ದದ್ದೆಷ್ಟು, ಹೊರಗಿದ್ದಾಗಲೂ ಜನ ಅವರ ಮನೆ ಬಾಗಿಲಿಗೆ ಹೋದರಾ ಇಲ್ಲವಾ, ನಿಮ್ಮಪ್ಪನನ್ನು ಇದನ್ನು ಕೇಳು.

ಗುರುತಿನ ಮಾತು ಬಂತಲ್ಲ. ನೇಗಿಲು ಹೊತ್ತ ರೈತ, ಚಕ್ರ, 2004ರಲ್ಲಿ ತೆನೆ ಹೊತ್ತ ಮಹಿಳೆ, 2008ರಲ್ಲಿ ಕೈ. ಒಬ್ಬರೇ ಮನುಷ್ಯ, ನಾನು ಕಂಡದ್ದೇ ನಾಲ್ಕು ಗುರುತು. ಅದರಲ್ಲೂ ಕೈ ಅಂದರೆ ಹಡಗಲಿಯಲ್ಲಿ ಅಷ್ಟು ವರ್ಷ ಅವರ ಎದುರಾಳಿಯ ಗುರುತು. ರಾಯಚೂರಿನವರು ಹೇಳಿದ ಪಕ್ಷಾಂತರದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2006ರಲ್ಲಿ ನನಗೂ ಬೇಜಾರಾಗಿತ್ತು. ಆದರೆ ಬೂತಿನಲ್ಲಿ ನಾನು ಕಂಡದ್ದು ಬೇರೆ. ಓದು ಬರದ ಜನ ‘ಈ ಸಲ ಅವರದು ಯಾವ ಗುರುತು’ ಅಂತ ಕಟ್ಟೆಯಲ್ಲಿ ಕೇಳಿಕೊಂಡು ಬರುತ್ತಿದ್ದರು. ಪಕ್ಷ ಯಾವುದು ಅಂತ ಯಾರೂ ಕೇಳುತ್ತಿರಲಿಲ್ಲ.

ಈಗ 2008ಕ್ಕೆ ಬರುತ್ತೇನೆ. ಆಗ ನಾನು ಬೂತಿನ ಪಿ.ಆರ್.ಓ., ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ. ಮೇ ತಿಂಗಳು, ತಗಡಿನ ಶಾಲೆ, ಬೆಂಕಿ. ಮಧ್ಯಾಹ್ನ ಜನ ಕಮ್ಮಿಯಾದ ಹೊತ್ತಿಗೆ ಒಬ್ಬ ಅಜ್ಜಿ ಬಂದಳು. ಹೆಬ್ಬೆಟ್ಟು ಒತ್ತಿ ರಟ್ಟಿನ ಮರೆಯೊಳಗೆ ಹೋದಳು. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು, ಬೀಪ್ ಇಲ್ಲ. ಆಮೇಲೆ ಒಳಗಿಂದಲೇ ಕೂಗಿದಳು: ‘ಸಾರ್, ಇದರಾಗ ತೆನಿ ಹೊತ್ತಾಕಿ ಅದಾಳ, ಕೈ ಐತಿ. ನಮ್ ಪ್ರಕಾಶಪ್ಪ ಎಲ್ಲದಾನ?’

ಏಜೆಂಟರು ನನ್ನ ಮುಖ ನೋಡಿದರು. ನಾನು ಏನು ಹೇಳಲಿ? ಪ್ರಕಾಶ್ ಅವರು ಆ ಮಿಷನ್ನಿನಲ್ಲಿ ಇರಲಿಲ್ಲ. ಆ ವರ್ಷ ಕ್ಷೇತ್ರಗಳ ಗಡಿ, ಮೀಸಲು ಎಲ್ಲ ಹೊಸದಾಗಿ ಬಂದಿತ್ತು. ಹೊಸ ನಕ್ಷೆಯ ಮೇಲೆ ಚುನಾವಣೆಗೆ ಹೋದ ಮೊದಲ ರಾಜ್ಯ ನಮ್ಮದೇ. ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಪ್ರಕಾಶ್ ಪಕ್ಕದ ಹರಪನಹಳ್ಳಿಗೆ ಹೋಗಿ ಕಾಂಗ್ರೆಸ್ಸಿನಿಂದ ನಿಂತಿದ್ದರು. ಇದನ್ನು ಆ ಅಜ್ಜಿಗೆ ಬೂತಿನೊಳಗೆ ನಾನು ಹೇಳುವ ಹಾಗಿಲ್ಲ. ಮರೆಯೊಳಗೆ ಹೋಗುವ ಹಾಗಂತೂ ಮೊದಲೇ ಇಲ್ಲ. ‘ಅಮ್ಮಾ, ಬೇಕಾದ ಗುರುತಿನ ಮುಂದಿನ ನೀಲಿ ಗುಂಡಿ ಒತ್ತು’ ಅಂತ ಮಾತ್ರ ಕೂತಲ್ಲಿಂದಲೇ ಅಂದೆ. ಮತ್ತೆ ಸ್ವಲ್ಪ ಹೊತ್ತು. ಕೊನೆಗೆ ಬೀಪ್ ಅಂತು. ಹೊರಗೆ ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡು, ‘ಹಳೇ ಪೆಟ್ಟಿಗೀನ ಛಲೋ ಇತ್ತು’ ಅಂದು ಹೋದಳು. ಪಾಪ, ಮಿಷನ್ನಿನ ತಪ್ಪು ಅಂದುಕೊಂಡಳು.

ಅತ್ತ ಹರಪನಹಳ್ಳಿಯಲ್ಲಿ ಪ್ರಕಾಶ್ ಬಿಜೆಪಿಯ ಕರುಣಾಕರ ರೆಡ್ಡಿ ಅವರ ಎದುರು ಸೋತರು. ಮೂರು ವರ್ಷ ತುಂಬುವ ಮೊದಲೇ ಹೋಗಿಬಿಟ್ಟರು.

ಈಗ ನಿನ್ನ ಪಕ್ಕದವಳ ಖರ್ಗೆ ಅವರ ಕಡೆ ನೋಡು. ಅವರು ಗುರುಮಠಕಲ್‌ನಿಂದ 1972ರಿಂದ 2004ರವರೆಗೆ 8 ಸಲ ಗೆದ್ದರು. ಅದು ಮೀಸಲು ಕ್ಷೇತ್ರ. ಅದೇ 2008ರ ನಕ್ಷೆಯಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು. ಅವರು ಚಿತ್ತಾಪುರಕ್ಕೆ ಹೋದರು, ಅಲ್ಲಿ 9ನೇ ಗೆಲುವು. ಒಂದೇ ನಕ್ಷೆ. ಒಂದು ಕಡೆ ಮೀಸಲು ಹೋಯಿತು, ಇನ್ನೊಂದು ಕಡೆ ಬಂತು. ಇಬ್ಬರೂ ತಮ್ಮ ಊರು ಬಿಟ್ಟು ಪಕ್ಕಕ್ಕೆ ಹೋದರು. ಒಬ್ಬರಿಗೆ ದಾರಿ ಮುಂದೆ ಹೋಯಿತು, ಇನ್ನೊಬ್ಬರಿಗೆ ನಿಂತಿತು. ನಿನ್ನ ಗೆಳತಿಯ ಸೆಮಿನಾರೂ ನಿನ್ನದೂ ಎದುರು ಬದುರು ಇಟ್ಟರೆ ಒಳ್ಳೆ ಜೋಡಿ.

ಮೀಸಲು ಬಂದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹಾಗೆ ಓದಬೇಡ. ಮೀಸಲಾದ ಮೇಲೆ 2013, 2018ರಲ್ಲಿ ಅಲ್ಲಿಂದ ಗೆದ್ದ ಪಿ.ಟಿ. ಪರಮೇಶ್ವರ ನಾಯ್ಕರಂಥವರಿಗೆ ಆ ಬಾಗಿಲು ತೆರೆದದ್ದೇ ಆಗ. ಆಗಿನ ಬಳ್ಳಾರಿ ಜಿಲ್ಲೆಯ 9 ಕ್ಷೇತ್ರಗಳಲ್ಲಿ 2 ಪರಿಶಿಷ್ಟ ಜಾತಿಗೆ, 5 ಪರಿಶಿಷ್ಟ ಪಂಗಡಕ್ಕೆ ಹೋದವು. ಸಾಮಾನ್ಯ ಉಳಿದದ್ದು ಬಳ್ಳಾರಿ ನಗರ, ವಿಜಯನಗರ ಎರಡೇ. ಜಿಲ್ಲೆಯ ಹಳೆಯ ನಾಯಕರೆಲ್ಲ ಒಂದೇ ಬೇಸಿಗೆಯಲ್ಲಿ ಕುರ್ಚಿ ಹುಡುಕುವಂತಾಯಿತು.

ಉದ್ದ ಆಯಿತು. ಕೈ ನೋಯುತ್ತಿದೆ, ಮೊಮ್ಮಗಳ ಫೋನಿನಲ್ಲಿ ಬರೆಯುತ್ತಿದ್ದೇನೆ.

ಸಂಡೂರು ಗುಡ್ಡ:

ಮೇಷ್ಟ್ರೇ, ನಮ್ಮ ಸಂಡೂರನ್ನು ಬಿಟ್ಟಿರಲ್ಲ. ಅದೇ ನಕ್ಷೆಯಲ್ಲಿ ಸಂಡೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. 2008ರಿಂದ 2023ರವರೆಗೆ ನಾಲ್ಕೂ ಚುನಾವಣೆ ಗೆದ್ದವರು ಇ. ತುಕಾರಾಂ. 2024ರಲ್ಲಿ ಅವರು ಸಂಸದರಾದ ಮೇಲೆ ಉಪಚುನಾವಣೆಯಲ್ಲಿ ಅವರ ಹೆಂಡತಿ ಇ. ಅನ್ನಪೂರ್ಣ ಗೆದ್ದರು. ಹೊಸ ನಕ್ಷೆಯಲ್ಲಿ ಹೊಸ ‘ದೀರ್ಘಕಾಲದವರು’ ಹುಟ್ಟಿಕೊಂಡರು ಅಂತ ಹೇಳಬಹುದು.

ಹುಡುಗಿಗೆ ಇನ್ನೊಂದು ಮಾತು. ಪ್ರಕಾಶ್ ಬಗ್ಗೆ ಹೇಳುವಾಗ ಎಂ.ವೈ. ಘೋರ್ಪಡೆ ಅವರನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಸಂಡೂರು ರಾಜಮನೆತನದವರು, ಕೇಂಬ್ರಿಡ್ಜಿನಲ್ಲಿ ಓದಿದವರು, ದೇವರಾಜ ಅರಸು ಅವರ ಹಣಕಾಸು ಮಂತ್ರಿ. ಕಾಡುಪ್ರಾಣಿಗಳ ಫೋಟೋ ತೆಗೆಯುವುದರಲ್ಲಿ ಹೊರದೇಶದಲ್ಲೂ ಹೆಸರು. ಇತ್ತ ಪ್ರಕಾಶ್ ನಾಟಕದವರು. ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ಜನತಾ. ಆದರೆ ಪಂಚಾಯತ್ ರಾಜ್ ಖಾತೆ ಈ ಇಬ್ಬರ ನಡುವೆ ಚೆಂಡಿನ ಹಾಗೆ ಓಡಾಡಿದೆ, ನೋಡಿ. 1993ರ ಮೇ 10ರಿಂದ ಜಾರಿಗೆ ಬಂದ ಪಂಚಾಯತ್ ರಾಜ್ ಕಾಯ್ದೆಯ ಹೊತ್ತಿಗೆ ಮಂತ್ರಿ ಘೋರ್ಪಡೆ. ಪಟೇಲರ ಕಾಲದಲ್ಲಿ ಪ್ರಕಾಶ್. ಎಸ್.ಎಂ. ಕೃಷ್ಣ ಬಂದ ಮೇಲೆ ಮತ್ತೆ ಘೋರ್ಪಡೆ. ಈಗ ಬೆಂಗಳೂರಿನಲ್ಲಿ ಬಳ್ಳಾರಿ ಅಂದರೆ ಗಣಿ, ಲಾರಿ, ಧೂಳು ಅಂತಷ್ಟೇ ಅಂದುಕೊಳ್ಳುತ್ತಾರೆ. ಗ್ರಾಮ ಪಂಚಾಯಿತಿ ನಡೆಯುವ ರೀತಿಯನ್ನು ಹತ್ತು ವರ್ಷಕ್ಕೂ ಜಾಸ್ತಿ ನೋಡಿಕೊಂಡವರು ಇದೇ ಜಿಲ್ಲೆಯ ಇಬ್ಬರು. ನನ್ನನ್ನು ಕೇಳಿದರೆ ನಿಮ್ಮ ಹದಿಮೂರು ನಿಮಿಷದಲ್ಲಿ ಐದು ಇದಕ್ಕೇ ಕೊಡಿ.

ಇಬ್ಬರೂ ತೀರಿಕೊಂಡಿದ್ದು ಒಂದೇ ವರ್ಷ, 2011. ಪ್ರಕಾಶ್ ಫೆಬ್ರವರಿಯಲ್ಲಿ, ಘೋರ್ಪಡೆ ಅಕ್ಟೋಬರ್‌ನಲ್ಲಿ.

ಹಡಗಲಿ ಮಲ್ಲಿಗೆ:

ನಾನು ಹಡಗಲಿಯವನೇ. ಪ್ರಕಾಶ್ ಸೋತಾಗ ಐದನೇ ಕ್ಲಾಸು. ಹಾಗಾಗಿ ದೊಡ್ಡ ಮಾತೇನಿಲ್ಲ, ಎರಡು ಚಿಕ್ಕವು.

ನೀವು ‘ನಾರಾಯಣದೇವರಕೆರೆಯಲ್ಲಿ ಹುಟ್ಟಿದರು’ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಆ ಊರು ಈಗ ಇಲ್ಲ ಅನ್ನುವುದನ್ನು ಹೇಳಲೇ ಇಲ್ಲ! ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಮೇಷ್ಟ್ರು ಹೇಳಿದ ನಕ್ಷೆಯ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ. ಹುಟ್ಟಿದ ಊರು ನೀರಿಗೆ ಹೋಯಿತು, ಗೆದ್ದ ಕ್ಷೇತ್ರ ಮೀಸಲಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹಡಗಲಿಯೇ ಬಳ್ಳಾರಿ ಬಿಟ್ಟು ಹೋಯಿತು. ಹರಪನಹಳ್ಳಿಯದು ಇನ್ನೂ ಮಜಾ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, ಈಗ ವಿಜಯನಗರಕ್ಕೆ. ಅಲ್ಲಿನ ಮನೆಗಳಲ್ಲಿ ರೇಷನ್ ಕಾರ್ಡು, ಆಧಾರ್, ಪಹಣಿ ಮೂರರಲ್ಲಿ ಮೂರು ಜಿಲ್ಲೆ ಇದ್ದರೂ ಆಶ್ಚರ್ಯ ಇಲ್ಲ. ಅದೇ ಹರಪನಹಳ್ಳಿಯಲ್ಲಿ 2013ರಲ್ಲಿ ಪ್ರಕಾಶ್ ಅವರ ಮಗ ಎಂ.ಪಿ. ರವೀಂದ್ರ ಕಾಂಗ್ರೆಸ್ಸಿನಿಂದ ಗೆದ್ದರು. 2023ರಲ್ಲಿ ಮಗಳು ಲತಾ ಮಲ್ಲಿಕಾರ್ಜುನ ಪಕ್ಷೇತರರಾಗಿ ಗೆದ್ದರು. ಅಪ್ಪನಿಗೆ ಒಲಿಯದ ಕ್ಷೇತ್ರ ಮಕ್ಕಳಿಬ್ಬರಿಗೂ ಒಲಿಯಿತು.

ಎರಡನೆಯದು ರಂಗಭಾರತಿ. ಹಡಗಲಿಯಲ್ಲಿ ಪ್ರಕಾಶ್ ಕಟ್ಟಿದ ನಾಟಕದ ಸಂಸ್ಥೆ. ನಾನು ಮೊದಲ ಸಲ ಟೆಂಟಿನದಲ್ಲದ ನಾಟಕ ನೋಡಿದ್ದು ಅದರಿಂದಲೇ. ಹಂಪಿ ಉತ್ಸವ ಶುರುವಾಗಿದ್ದರ ಹಿಂದೆ ಇದ್ದದ್ದೂ ಪ್ರಕಾಶ್. ಈಗ ಉತ್ಸವದಲ್ಲಿ ಅವರ ಹೆಸರಿನ ವೇದಿಕೆ ಇದೆ. ಕಳೆದ ಸಲ ಹೋಗಿದ್ದಾಗ ಪಕ್ಕದಲ್ಲಿ ಕೂತ ಹುಡುಗ ‘ಎಂ.ಪಿ. ಅಂದರೆ ಯಾವ ಕ್ಷೇತ್ರದ ಎಂಪಿ?’ ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

(ಮೈಲಾರದ ಕಾರ್ಣಿಕದ ಬಗ್ಗೆ ಒಂದು ಮಾತು ಹೇಳಬೇಡಿ ಅಂತ ಯಾರೂ ಹೇಳಿಲ್ಲ. ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲನ್ನು ನಮ್ಮಲ್ಲಿ ಎಲ್ಲಾ ಪಕ್ಷದವರೂ ‘ನಾವೇ ಗೆಲ್ಲೋದು’ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಸೆಮಿನಾರಿಗೆ ಬೇಡ, ಸುಮ್ನೆ ಹೇಳಿದೆ.)

ರಾಯಚೂರು ಬಿಸಿಲು:

ಮೇಷ್ಟ್ರ ಮಾತು ಓದಿದೆ. ಹೆಸರು ಬದಲಾಯಿಸಿ ಅಂದಿದ್ದನ್ನು ವಾಪಸ್ ತೆಗೆದುಕೊಂಡೆ. 2006ರ ಮಾತು ಮಾತ್ರ ವಾಪಸ್ ಇಲ್ಲ. ಅದನ್ನು ಹೇಳಲೇಬೇಕು.

ನಮ್ಮ ಜಿಲ್ಲೆಯ ಲೆಕ್ಕವೂ ಇರಲಿ: ರಾಯಚೂರಿನ 7 ಕ್ಷೇತ್ರಗಳಲ್ಲಿ ಈಗ ಸಾಮಾನ್ಯ ಉಳಿದದ್ದು ರಾಯಚೂರು ನಗರ, ಸಿಂಧನೂರು ಎರಡೇ. ಸಿಂಧನೂರಿನ ಜಗಳ ಇಷ್ಟು ವರ್ಷ ಅದೇ ಇಬ್ಬರ ನಡುವೆ ನಡೆದಿದ್ದು ಯಾಕೆ ಅಂತ ಈಗ ಹೊಳೆಯುತ್ತಿದೆ. ಅಲ್ಲಿ ನಕ್ಷೆ ಅವರ ಕಾಲ ಕೆಳಗಿನ ಜಾಗ ಅಲುಗಾಡಿಸಲಿಲ್ಲ, ಅಲ್ವಾ?

ಬಳ್ಳಾರಿ ಹುಡುಗಿ:

ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಹೆಸರು ಬದಲಾಯಿಸುವುದಿಲ್ಲ. ಪಕ್ಕದವಳ ಜೊತೆ ಮಾತಾಡಿದೆ, ನಮ್ಮಿಬ್ಬರದನ್ನು ಒಂದರ ಹಿಂದೆ ಒಂದು ಇಡೋಣ ಅಂತ ಅವಳೂ ಒಪ್ಪಿದ್ದಾಳೆ.

ನಿನ್ನೆ ರಾತ್ರಿ ಮೇಷ್ಟ್ರು ಹೇಳಿದ ಪ್ರಶ್ನೆಯನ್ನು ನಮ್ಮಪ್ಪನಿಗೆ ಕೇಳಿದೆ. ಸೋತಿದ್ದಾಗ ಜನ ಹೋಗುತ್ತಿದ್ದರಾ ಅಂತ. ಅಪ್ಪ ಟಿವಿ ಸೌಂಡ್ ಕಮ್ಮಿ ಮಾಡಿ ಒಂದು ಗಂಟೆ ಮಾತಾಡಿದರು. ಬರೆದುಕೊಂಡಿದ್ದೇನೆ. ಆದರೆ ಅದರಲ್ಲಿ ಅರ್ಧ ಭಕ್ತಿ. ಅದನ್ನು ಬೇರೆ ಕಾಗದಗಳ ಜೊತೆ ತಾಳೆ ನೋಡುವುದು ಹೇಗೆ?

ಇನ್ನೊಂದು. ಮೇಷ್ಟ್ರೇ, ಆ ಅಜ್ಜಿ ಕೊನೆಗೆ ಯಾವುದಕ್ಕೆ ಒತ್ತಿದರು?

ಕೌಲ್‌ಬಜಾರ್ ಮೇಷ್ಟ್ರು:

ಗುಪ್ತ ಮತದಾನ ಅಮ್ಮಾ. ಬೀಪ್ ಕೇಳಿಸಿತು, ಅಷ್ಟೇ.

ತಾಳೆ ನೋಡುವುದಕ್ಕೆ ಎರಡು ಜಾಗ ಹೇಳುತ್ತೇನೆ. ಚುನಾವಣಾ ಆಯೋಗ ಪ್ರತಿ ವಿಧಾನಸಭೆ ಚುನಾವಣೆಗೂ ಒಂದು ಅಂಕಿಅಂಶದ ವರದಿ ಹಾಕಿದೆ, ಆಯೋಗದ ವೆಬ್‌ಸೈಟಿನಲ್ಲೇ ಇದೆ. ಹಡಗಲಿ ಪುಟ ತೆಗೆದರೆ ಯಾರು ನಿಂತಿದ್ದರು, ಯಾರಿಗೆ ಎಷ್ಟು, ಒಟ್ಟು ಮತದಾರರು ಎಷ್ಟು ಎಲ್ಲ ಸಿಗುತ್ತದೆ. ಗೆದ್ದ ವರ್ಷದ್ದಷ್ಟೇ ತೆಗೆಯಬೇಡ. 1983ರಿಂದ 2008ರವರೆಗೆ ಪ್ರತಿಯೊಂದೂ ತೆಗೆದು ಒಂದೇ ಹಾಳೆಯಲ್ಲಿ ಬರೆ, ನಾನು ಮಲಗಿದ್ದ 1999 ಕೂಡ. 2008ಕ್ಕೆ ಮಾತ್ರ ಹರಪನಹಳ್ಳಿ ಪುಟ ನೋಡಬೇಕು, ಮರೆಯಬೇಡ. ಇನ್ನೊಂದು, ವಿಧಾನಸಭೆಯ ನಡವಳಿ. ಸದನದಲ್ಲಿ ಯಾರು ಯಾವತ್ತು ಏನು ಮಾತಾಡಿದರು ಅಂತ ಅಕ್ಷರಕ್ಕೆ ಅಕ್ಷರ ಇರುತ್ತದೆ. ವಿಧಾನಸೌಧದ ಗ್ರಂಥಾಲಯದಲ್ಲಿ ಸಂಪುಟಗಳಿವೆ. ಮಂತ್ರಿಯಾಗಿದ್ದಾಗ ಕೊಟ್ಟ ಉತ್ತರಗಳಿಗಿಂತ, ಮಂತ್ರಿಯಾಗಿರದಾಗ ಪ್ರಶ್ನೆ ಕೇಳಿದ್ದರೆ ಅವನ್ನು ಓದು. ಉತ್ತರವನ್ನು ಇಲಾಖೆಯವರು ಬರೆದುಕೊಟ್ಟಿರುತ್ತಾರೆ. ಪ್ರಶ್ನೆ ಮಾತ್ರ ಸ್ವಂತದ್ದು.

ನಿಮ್ಮಪ್ಪನ ಒಂದು ಗಂಟೆಯಲ್ಲಿ ಊರಿನ ಹೆಸರು, ರಸ್ತೆ, ಬಸ್ಸು, ಕೆರೆ ಇರುವ ಮಾತುಗಳನ್ನು ಇಟ್ಟುಕೋ. ‘ದೇವರಂಥ ಮನುಷ್ಯ’ ಅನ್ನುವಂಥವನ್ನು ಬಿಡು. ಅಪ್ಪನಿಗೆ ಹೇಳಬೇಡ, ಬೇಜಾರು ಮಾಡಿಕೊಂಡಾರು.

ಸೆಮಿನಾರ್ ಯಾವತ್ತು? ಹೊರಗಿನವರನ್ನು ಒಳಗೆ ಬಿಡುತ್ತಾರಾ? ಬಿಡುವುದಾದರೆ ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಇಟ್ಟುಕೊಳ್ಳಿ. ಆಟೋದಲ್ಲಿ ಬರುತ್ತೇನೆ.